ಪೋರ್ಟ್‌ಮನ್ ಮೊದಲ ನಿರ್ದೇಶನ: ಪುಸ್ತಕದ ಅಜ್ಜಿ, ದೊಡ್ಡಜ್ಜ ಎಲ್ಲ ಎಲ್ಲಿ ಹೋದರು?

ಕಡಿಯಾಳಿ_ಓದುಗ:
ನಮಸ್ಕಾರ. ಉಡುಪಿಯಲ್ಲಿ ನಾವು ಕೆಲವರು ತಿಂಗಳಿಗೊಮ್ಮೆ ಸೇರಿ ಒಂದು ಪುಸ್ತಕದ ಬಗ್ಗೆ ಮಾತಾಡುತ್ತೇವೆ. ಈ ಸಲ ಇಸ್ರೇಲಿ ಲೇಖಕ ಆಮೋಸ್ ಓಝ್ ತಮ್ಮ ಬಾಲ್ಯ, ತಮ್ಮ ಕುಟುಂಬದ ಬಗ್ಗೆ ಬರೆದ ‘ಎ ಟೇಲ್ ಆಫ್ ಲವ್ ಅಂಡ್ ಡಾರ್ಕ್‌ನೆಸ್’. ಅದನ್ನೇ ನಟಿ ನಟಾಲಿ ಪೋರ್ಟ್‌ಮನ್ 2015ರಲ್ಲಿ ಸಿನಿಮಾ ಮಾಡಿದ್ದಾರೆ, ಪೂರ್ಣ ಪ್ರಮಾಣದ ನಿರ್ದೇಶನ ಅವರಿಗೆ ಅದೇ ಮೊದಲು. ಚರ್ಚೆಗೆ ಮುಂಚೆ ಸಿನಿಮಾ ತೋರಿಸೋಣ ಅಂತ ಮಾತಾಯಿತು. ನಾನು ಮೊದಲೇ ನೋಡಿದೆ. ಸಪ್ಪೆ ಅನಿಸಿತು ಮಾರಾಯ್ರೆ. ಪುಸ್ತಕದಲ್ಲಿ ಒಂದು ದೊಡ್ಡ ಕುಟುಂಬ ಉಂಟು, ಜೆರುಸಲೇಮಿಗೆ ಬಂದ ಕೂಡಲೇ ಇಲ್ಲಿ ಎಲ್ಲಾ ಕಡೆ ರೋಗಾಣು ಅಂತ ತೀರ್ಪು ಕೊಟ್ಟು ದಿನಕ್ಕೆ ಮೂರು ಸಲ ಬಿಸಿನೀರು ಸ್ನಾನ ಮಾಡುವ ಅಜ್ಜಿ, ಪಂಡಿತ ದೊಡ್ಡಜ್ಜ, ಜಗಳಗಂಟ ಸಾಹಿತಿಗಳು. ನಗು ಎಲ್ಲ ಅಲ್ಲೇ ಇರೋದು. ಸಿನಿಮಾದಲ್ಲಿ ಅವರಿಗೆಲ್ಲ ಸರಿಯಾಗಿ ಜಾಗವೇ ಸಿಕ್ಕಿಲ್ಲ. ತೋರಿಸೋದಾ, ಬೇಡವಾ?

ಬಿಜೈ_ಬಸ್‌ಸ್ಟಾಪ್:
ತೋರಿಸಿ. 500 ಪುಟ ದಾಟಿದ ಪುಸ್ತಕವನ್ನು ಒಂದೂವರೆ ಗಂಟೆಗೆ ಇಳಿಸುವಾಗ ಯಾರನ್ನಾದರೂ ಹೊರಗೆ ಕಳಿಸಲೇಬೇಕು ಅಲ್ವಾ. ಪೋರ್ಟ್‌ಮನ್ ಇಟ್ಟುಕೊಂಡಿದ್ದು ಓಝ್ ಅವರ ತಾಯಿ ಫಾನ್ಯಾಳನ್ನು. ಫಾನ್ಯಾ ಹುಟ್ಟಿದ್ದು ರೊವ್ನೋದಲ್ಲಿ, ಈಗ ಅದು ಉಕ್ರೇನಿನಲ್ಲಿದೆ. 1941ರಲ್ಲಿ ನಾಜಿಗಳು ಆ ಊರಿನ ಸಾವಿರಾರು ಯಹೂದಿಗಳನ್ನು ಕಾಡಿಗೆ ಕರೆದುಕೊಂಡು ಹೋಗಿ ಕೊಂದರು. ಆಕೆ ಅದಕ್ಕೂ ಮೊದಲೇ ಜೆರುಸಲೇಮಿಗೆ ಬಂದಿದ್ದಳು, ಬದುಕಿದಳು. ಆದರೆ ಬಿಟ್ಟು ಬಂದ ಊರೇ ಇಲ್ಲ. 1952ರ ಜನವರಿಯಲ್ಲಿ, 38ನೇ ವಯಸ್ಸಿನಲ್ಲಿ ತಾನೇ ಜೀವ ತೆಗೆದುಕೊಂಡಳು, ಮಗನಿಗೆ ಆಗ 12. ಓಝ್ ಆ ಸಾವಿನ ಸುತ್ತ ಸುತ್ತುತ್ತಾ, ಹತ್ತಿರ ಹೋಗಿ ಮತ್ತೆ ಅಜ್ಜನ ಕಥೆ ತೆಗೆದು ತಪ್ಪಿಸಿಕೊಂಡು, ಕೊನೆಯ ಪುಟಗಳಲ್ಲಿ ಮಾತ್ರ ನೇರವಾಗಿ ಹೇಳುತ್ತಾರೆ. ಸಿನಿಮಾಗೆ ಹಾಗೆ ತಪ್ಪಿಸಿಕೊಳ್ಳೋಕೆ ಆಗಲ್ಲ. ತಾಯಿ ಕಣ್ಣೆದುರೇ ಇರುತ್ತಾಳೆ.

ಮಣಿಪಾಲ_ಮಳೆ:
ಬಿಜೈಯವರೇ, ಅಲ್ಲೇ ನನ್ನ ತಕರಾರು. ತಾಯಿ ಪಾತ್ರ ಮಾಡಿದ್ದೂ ಪೋರ್ಟ್‌ಮನ್, ಚಿತ್ರಕಥೆ ಬರೆದದ್ದೂ ಅವರೇ. ಹಾಗಾಗಿ ಕ್ಯಾಮೆರಾ ಆಕೆಯ ಮುಖ ಬಿಟ್ಟು ಕದಲೋದೇ ಇಲ್ಲ. ತಾಯಿ ಮಗುವಿಗೆ ಹೇಳುವ ಕಥೆಗಳನ್ನೂ ತೆರೆ ಮೇಲೆ ತಂದಿದ್ದಾರೆ, ಚಂದ ಉಂಟು, ಆದರೆ ಪುಸ್ತಕದಲ್ಲಿ ಆ ಕಥೆಗಳು ಹೆದರಿಸುತ್ತವೆ, ಇಲ್ಲಿ ಸುಮ್ನೆ ಚಿತ್ರಪಟದ ಹಾಗೆ ಹೋಗುತ್ತವೆ. ಬಣ್ಣವೆಲ್ಲ ಹಿಂಡಿ ತೆಗೆದಿದ್ದಾರೆ. ಕ್ಯಾಮೆರಾ ಹಿಡಿದ ಸ್ಲಾವೊಮಿರ್ ಇಡ್ಜಿಯಾಕ್ ದೊಡ್ಡ ಛಾಯಾಗ್ರಾಹಕ, ಒಪ್ಪುತ್ತೇನೆ, ಆದರೆ ಮೊದಲ ನಿಮಿಷದಿಂದಲೇ ಎಲ್ಲ ಬೂದಿ ಬಣ್ಣ ಇದ್ದರೆ ಮನೆ ಕತ್ತಲಾಗುತ್ತಾ ಬಂದದ್ದು ಗೊತ್ತಾಗೋದು ಹೇಗೆ?

ನಮ್ಮ ಉಡುಪಿಯ ರಕ್ಷಿತ್ ಶೆಟ್ಟಿ ಮೊದಲ ಸಲ ನಿರ್ದೇಶನ ಮಾಡಿ ತಾನೂ ನಟಿಸಿದಾಗ ಮಲ್ಪೆಯ ಕಥೆ ತಾನೇ ಬರೆದಿದ್ದರು, ಯಾರಿಗೂ ಲೆಕ್ಕ ಕೊಡಬೇಕಾಗಿರಲಿಲ್ಲ. ಇಲ್ಲಿ ಇನ್ನೊಬ್ಬರ ಮನೆಯ ಸಾವು, ಲೇಖಕರು ಆಗ ಬದುಕಿದ್ದರು (ಅವರು ತೀರಿಕೊಂಡದ್ದು 2018ರಲ್ಲಿ). ಅದಕ್ಕೇ ಇರಬೇಕು, ಇಡೀ ಸಿನಿಮಾ ಮೆಲ್ಲಗೆ ಹೆಜ್ಜೆ ಇಡುತ್ತೆ. ಮರ್ಯಾದೆ ಸ್ವಲ್ಪ ಜಾಸ್ತಿಯೇ ಆಯಿತು.

ಪಡುಬಿದ್ರಿ_ಬೀಚ್:
ಒಂದು ವಿಷಯ ಯಾರೂ ಹೇಳಲಿಲ್ಲ. ಇದು ಹೀಬ್ರೂ ಸಿನಿಮಾ. ಹಾಲಿವುಡ್ ನಟಿ, ಇಂಗ್ಲಿಷಿನಲ್ಲಿ ಮಾಡಿದ್ದರೆ ದುಡ್ಡೂ ಪ್ರೇಕ್ಷಕರೂ ಸುಲಭವಾಗಿ ಸಿಗುತ್ತಿದ್ದರು. ಆಕೆ ಹುಟ್ಟಿದ್ದು ಜೆರುಸಲೇಮಿನಲ್ಲಿ, ಆದರೆ ಚಿಕ್ಕಂದಿನಲ್ಲೇ ಅಮೆರಿಕ ಸೇರಿದವರು. ಆದರೂ ಹೀಬ್ರೂವಿನಲ್ಲೇ ಮಾಡಿದ್ದಾರೆ. ಅದು ಬೇಕಿತ್ತು. ಪುಸ್ತಕದಲ್ಲಿ ಅಪ್ಪ 16-17 ಭಾಷೆ ಓದುತ್ತಿದ್ದ, 11 ಮಾತಾಡುತ್ತಿದ್ದ, ಮಗುವಿಗೆ ಗೊತ್ತಾಗಬಾರದ ವಿಷಯ ಬಂದರೆ ಗಂಡ ಹೆಂಡತಿ ರಷ್ಯನ್ನಿಗೋ ಪೋಲಿಷಿಗೋ ಹೋಗುತ್ತಿದ್ದರು, ಮಗನಿಗೆ ಮಾತ್ರ ಬರೀ ಹೀಬ್ರೂ. ನಮ್ಮ ಮನೆಯಲ್ಲೂ ದುಡ್ಡಿನ ಮಾತು, ಸಂಬಂಧದ ಮಾತು ಬಂದರೆ ಅಮ್ಮ ಚಿಕ್ಕಮ್ಮ ಕೊಂಕಣಿ ಬಿಟ್ಟು ಮರಾಠಿ ಶುರು ಮಾಡುತ್ತಿದ್ದರು, ಮಕ್ಕಳು ಬಾಯಿ ಬಿಟ್ಟುಕೊಂಡು ಕೂರೋದು. ನಮ್ಮ ಕಡೆಯವರಿಗೆ ಆ ಮನೆ ಅರ್ಥ ಮಾಡಿಸೋದು ಕಷ್ಟ ಇಲ್ಲ.

ಬಿಜೈ_ಬಸ್‌ಸ್ಟಾಪ್:
ಅದು ನಿಜ. ಇನ್ನೊಂದು. ಈಗಿನ ಕಾಲದಲ್ಲಿ ಇಸ್ರೇಲ್ ಹೆಸರು ಬಂದರೆ ಸಿನಿಮಾ ಬಿಟ್ಟು ಜಗಳ ಶುರುವಾಗುತ್ತೆ. ಹಿನ್ನೆಲೆ ಮೊದಲೇ ಹೇಳಿಬಿಡಿ. 1947ರ ನವೆಂಬರ್ 29ರಂದು ವಿಶ್ವಸಂಸ್ಥೆಯಲ್ಲಿ ಪ್ಯಾಲೆಸ್ಟೈನನ್ನು ಒಂದು ಯಹೂದಿ ದೇಶ, ಒಂದು ಅರಬ್ ದೇಶ ಅಂತ ವಿಭಜಿಸಲು 33 ದೇಶ ಹೌದು ಅಂದವು, 13 ಬೇಡ ಅಂದವು. ಬೇಡ ಅಂದವರಲ್ಲಿ ನಾವೂ ಇದ್ದೆವು. ಪುಸ್ತಕದಲ್ಲಿ ಬೀದಿ ಬೀದಿಯೇ ರೇಡಿಯೋ ಕೇಳಲು ನಿಂತಿರುತ್ತದೆ, ಕುಣಿತ ಮುಗಿದ ಮೇಲೆ ಅಪ್ಪ ಬಟ್ಟೆ ಕೂಡ ಬದಲಾಯಿಸದೆ ಮಗನ ಪಕ್ಕ ಕತ್ತಲಲ್ಲಿ ಮಲಗಿ, ಶಾಲೆಯಲ್ಲಿ ತನಗೆ ಆದ ಅವಮಾನ ಹೇಳುತ್ತಾನೆ. ಹಾಗಂತ ಓಝ್ ಕುಣಿತ ಮಾತ್ರ ಬರೆದವರಲ್ಲ. ಅರಬರು ಕಳೆದುಕೊಂಡದ್ದೂ ಪುಸ್ತಕದಲ್ಲಿದೆ. ಎರಡು ದೇಶ ಆಗಲಿ ಅಂತ 1967ರ ಯುದ್ಧದ ನಂತರ ಮೊದಲೇ ಹೇಳಿದವರಲ್ಲಿ ಅವರೂ ಒಬ್ಬರು.

ಮಣಿಪಾಲ_ಮಳೆ:
ಮತ್ತೆ ಒಂದು, ಆತ್ಮಹತ್ಯೆಯ ವಿಷಯ ಇದೆ ಅಂತ ಬರುವವರಿಗೆ ಮೊದಲೇ ತಿಳಿಸಿ. ಸಿನಿಮಾ ಇಷ್ಟ ಆಗದಿದ್ದರೂ ತೋರಿಸಬೇಡಿ ಅಂತ ನಾನು ಹೇಳಲ್ಲ. ಜಗಳ ಆಡೋಕೆ ಏನಾದರೂ ಬೇಕಲ್ಲ.

ಕಡಿಯಾಳಿ_ಓದುಗ:
ಸರಿ, ತೋರಿಸುತ್ತೇವೆ. ಆದರೆ ಅಜ್ಜಿಯನ್ನು ಬಿಡಲ್ಲ. ಶುರುವಿಗೆ ಪುಸ್ತಕದಿಂದ ಎರಡು ಭಾಗ ಗಟ್ಟಿಯಾಗಿ ಓದುತ್ತೇವೆ. ಒಂದು ಅಜ್ಜಿಯ ಸ್ನಾನ. ಇನ್ನೊಂದು ಟೆಲ್ ಅವೀವಿನ ನೆಂಟರಿಗೆ ಫೋನ್ ಮಾಡೋದು: ದಿನ, ಹೊತ್ತು ಎಲ್ಲ ಕಾಗದ ಬರೆದು ಗೊತ್ತು ಮಾಡಿ, ಇಡೀ ಕುಟುಂಬ ಔಷಧಿ ಅಂಗಡಿಯ ಫೋನಿಗೆ ಹೋಗಿ, ಕೊನೆಗೆ ಏನು ಸಮಾಚಾರ, ಎಲ್ಲ ಚೆನ್ನಾಗಿದ್ದೇವೆ, ಮತ್ತೆ ಮಾತಾಡೋಣ ಅಂತ ಇಟ್ಟುಬಿಡೋದು. ಆ ಮೇಲೆ ಸಿನಿಮಾ. ಯಾರ ಹತ್ತಿರವಾದರೂ ಒಳ್ಳೆ ಪ್ರೊಜೆಕ್ಟರ್ ಇದ್ದರೆ ಹೇಳಿ, ಕಳೆದ ಸಲದ್ದರಲ್ಲಿ ಸಬ್‌ಟೈಟಲ್ ಅರ್ಧ ಗೋಡೆಯಿಂದ ಕೆಳಗೆ ಹೋಗಿತ್ತು.