ಸಜ್ಜ ತುಂಬಾ ಸಾಮಾನು, ನಲ್ಲಿ ತುಂಬಾ ಬಿಳಿ ಪೊರೆ. ದುಡ್ಡು ಹಾಕ್ದೆ ಏನ್ ಮಾಡ್ಬೋದು ಹೇಳ್ರಪ್ಪ

ಕೋಲಾರದ_ಸೊಸೆ:

ಎಲ್ರಿಗೂ ನಮಸ್ಕಾರ. ನಾವು ಕೋಲಾರ ಟೌನಲ್ಲಿರೋದು, ಹೋದ್ ತಿಂಗ್ಳು ದೊಡ್ಡ ಮನೆ ಬಿಟ್ಟು ಒಂದು ಹಾಲು ಒಂದು ರೂಮು ಒಂದು ಪುಟಾಣಿ ಅಡ್ಗೆಮನೆ ಇರೋ ಬಾಡ್ಗೆ ಮನೆಗೆ ಬಂದ್ವಿ, ಸಾಮಾನು ಮಾತ್ರ ದೊಡ್ಡ ಮನೇದೇ. ನಮ್ಮತ್ತೆ ಏನನ್ನೂ ಬಿಸಾಕಕ್ಕೆ ಬಿಡಲ್ಲ, ಎಲ್ಲಾದಕ್ಕೂ "ಇರ್ಲಿ, ಯಾವತ್ತಾದ್ರೂ ಬೇಕಾಗುತ್ತೆ" ಅಂತಾರೆ. ಮೊನ್ನೆ ಸಜ್ಜದ ಮೇಲಿಂದ ಇಳಿಸಿ ಬರೀ ಹಾರ್ಲಿಕ್ಸ್ ಬಾಟ್ಲು ಎಣಿಸ್ದೆ, 37 ಇದ್ವು. ಅದ್ರಲ್ಲಿ ಮುಚ್ಚಳ ಇರೋದು 22ಕ್ಕೆ. ಇನ್ನು ಪೇಂಟ್ ಬಕೆಟ್ಟು, ಅಕ್ಕಿ ಚೀಲ, ಹಳೇ ಸೀರೆ ಗಂಟು, ಕಿವಿ ಕಿತ್ತೋಗಿರೋ ಬಾಂಡ್ಲಿ ಲೆಕ್ಕಾನೇ ಬೇಡ. ಆನ್‌ಲೈನಲ್ಲಿ ಅಡ್ಗೆಮನೆ ಸ್ಟ್ಯಾಂಡು ಡಬ್ಬ ಎಲ್ಲಾ ಸೇರಿ ಒಂದು ಸೆಟ್ಟು ನೋಡ್ದೆ, 1,800 ರೂಪಾಯಿ ಅಂತೆ, ಈ ತಿಂಗ್ಳು ಸ್ಕೂಲ್ ಫೀಸು ಕಟ್ಟಿ ಕೂತಿದೀವಿ, ಆಗಲ್ಲ.

ಇನ್ನೊಂದು ತಲೆನೋವು ಬೋರ್ ನೀರು. ನಲ್ಲಿ, ಬಕೆಟ್ಟು, ನೀರು ಕಾಯ್ಸೋ ಕಾಯಿಲ್ಲು ಎಲ್ಲಾದಕ್ಕೂ ಸುಣ್ಣ ಬಳ್ದಂಗೆ ಪೊರೆ. ನಾನು ಬುದ್ಧಿವಂತೆ ಅಂದ್ಕೊಂಡು ಬಾತ್‌ರೂಮ್ ತೊಳ್ಯೋ ಆಸಿಡ್ ತಂದು ಸಿಂಕ್ ನಲ್ಲಿಗೆ ಹಚ್ದೆ, ನಲ್ಲಿ ಹೊಳಪೂ ಹೋಯ್ತು, ಕೆಳಗಡೆ ಕಡಪಾ ಕಲ್ಲಿನ ಮೇಲೆ ನಾಕು ಹನಿ ಬಿದ್ದು ಅಂಗೈ ಅಗಲ ಬೆಳ್ಳಗೆ ಕಲೆ ಆಗ್ಬಿಟ್ಟಿದೆ. ಅದ್ರ ಮೇಲೆ ಈಗ ಒಂದು ಪೇಪರ್ ಹಾಸಿ ಉಪ್ಪಿನ ಜಾಡಿ ಇಟ್ಟಿದೀನಿ. ಓನರ್ ನೋಡಿದ್ರೆ ಅಡ್ವಾನ್ಸಲ್ಲಿ ಹಿಡ್ಕೊಳ್ತಾರೆ. ಏನಾದ್ರೂ ದಾರಿ ಇದ್ರೆ ಹೇಳಿ.

ಶಿಡ್ಲಘಟ್ಟ_ಹುಡ್ಗ:

ಅಕ್ಕ ಆ 1,800ರ ಸೆಟ್ಟು ಮರ್ತ್ಬಿಡಿ. ಕೋಲಾರದಲ್ಲಿದ್ಕೊಂಡು ಸ್ಟ್ಯಾಂಡ್ ಕೊಳ್ಳೋದಾ, ಊರ್ ತುಂಬಾ ಟೊಮೇಟೊ ಕ್ರೇಟು. 15 ಕೆಜಿ ಹಿಡಿಯೋ ಪ್ಲಾಸ್ಟಿಕ್ ಕ್ರೇಟು ಮೂಲೆ ಬಿರುಕು ಬಿಟ್ರೆ ಮಂಡೀಲಿ ಲೋಡಿಗೆ ಬರಲ್ಲ, ಗುಜರಿಗೆ ಹೋಗುತ್ತೆ, ಗುಜರಿ ಅಂಗ್ಡೀಲಿ ಕೇಳಿ. ಮಂಡಿ ಹೆಸ್ರು ಬರ್ದಿರೋ ಚೆನ್ನಾಗಿರೋ ಕ್ರೇಟನ್ನ ಮಾತ್ರ ಯಾರೋ ಕೊಟ್ರು ಅಂತ ತರ್ಬೇಡಿ, ಅದು ಅವ್ರ ಸ್ವತ್ತು, ಲೆಕ್ಕ ಇಟ್ಟಿರ್ತಾರೆ. ನಾಕು ಕ್ರೇಟು ಅಡ್ಡ ಮಲಗ್ಸಿ ಒಂದರ ಮೇಲೊಂದು ಇಟ್ಟು ಪ್ಲಾಸ್ಟಿಕ್ ಟ್ಯಾಗಲ್ಲಿ ಬಿಗಿದ್ರೆ ಈರುಳ್ಳಿ ಆಲೂಗೆಡ್ಡೆ ಪಾತ್ರೆ ಎಲ್ಲಾದಕ್ಕೂ ಬೀರು ಆಯ್ತು, ಗಾಳೀನೂ ಆಡುತ್ತೆ. ಶ್ರೀನಿವಾಸಪುರದ ಮಾವಿನಹಣ್ಣಿನ ಮರದ ಪೆಟ್ಗೆ ನೋಡಕ್ಕೆ ಚೆಂದ ನಿಜ, ಆದ್ರೆ ನೆಲಕ್ಕೆ ತಾಗ್ಸಿ ಇಟ್ರೆ ಒಂದೇ ಮಳೆಗಾಲಕ್ಕೆ ಗೆದ್ಲು, ಕೆಳಗಡೆ ನಾಕು ಹೆಂಚಿನ ಚೂರು ಕೊಟ್ಟು ಇಡಿ.

ಇನ್ನೊಂದು ನಮ್ಮನೇದು. ರೇಷ್ಮೆ ಹುಳ ಗೂಡು ಕಟ್ಟಕ್ಕೆ ಬಿಡ್ತೀವಲ್ಲ ಬಿದಿರಿನ ಚಂದ್ರಿಕೆ, ಆರಡಿ ನಾಲ್ಕಡಿ ಇರುತ್ತೆ, ಈಗ ಎಷ್ಟೋ ಜನ ಪ್ಲಾಸ್ಟಿಕ್ ನೇತ್ರಿಕೆಗೆ ಹೋಗಿ ಹಳೇ ಚಂದ್ರಿಕೆ ಕೊಟ್ಗೆ ಮೂಲೇಲಿ ಒರ್ಗಿಸಿದಾರೆ. ನಮ್ಮಮ್ಮ ಅದ್ರಲ್ಲಿ ಎರಡಡಿ ತುಂಡು ಕೊಯ್ದು ಅಡ್ಗೆಮನೆ ಶೆಲ್ಫ್ ಮೇಲೆ ಮಲಗ್ಸಿದಾರೆ. ಸುರುಳಿ ಸುರುಳಿಯಾಗಿ ಬಿದಿರ್ ಪಟ್ಟಿ ನಿಂತಿರುತ್ತಲ್ಲ, ಆ ಸಂದೀಲಿ ತಟ್ಟೆ, ಮುಚ್ಚಳ, ದೋಸೆ ಹೆಂಚು ಒಂದೊಂದೇ ನೆಟ್ಟಗೆ ನಿಲ್ಲುತ್ತೆ, ನೀರು ಕೆಳಗೆ ಸೋರೋಗುತ್ತೆ. ಕೊಯ್ದ ತಕ್ಷಣ ಸುರುಳಿ ಬಿಚ್ಕೊಳ್ಳುತ್ತೆ, ಅದಕ್ಕೆ ಕೊಯ್ಯೋ ಮುಂಚೇನೇ ಎರಡೂ ಕಡೆ ಬೈಂಡಿಂಗ್ ವೈರಲ್ಲಿ ಕಟ್ಕೋಬೇಕು, ನಾನು ಮೊದ್ಲ ಸಲ ಮರ್ತು ಇಡೀ ಚಂದ್ರಿಕೆ ಹಾಳ್ ಮಾಡಿ ಬೈಸ್ಕೊಂಡೆ. ಹುಳದ ಮನೇಲಿ ಔಷಧಿ ಹೊಡ್ದಿರ್ತಾರೆ, ಆದ್ರಿಂದ ಸೋಪ್ ಹಾಕಿ ಉಜ್ಜಿ ತೊಳ್ದು ನಾಲ್ಕೈದು ದಿನ ಬಿಸ್ಲಲ್ಲಿ ಹಾಕಿ ಆಮೇಲೆ ಒಳಗೆ ತನ್ನಿ. ಸಂಡಿಗೆ ಹಪ್ಪಳ ಮಾತ್ರ ನೇರ ಅದ್ರ ಮೇಲೆ ಹಾಕ್ಬೇಡಿ.

ನಲ್ಲಿ_ರಿಪೇರಿ_ತುಮಕೂರು:

ಮೇಡಂ, ಇಪ್ಪತ್ತು ವರ್ಷದಿಂದ ಪ್ಲಂಬಿಂಗ್ ಕೆಲ್ಸ ಮಾಡ್ತಿದೀನಿ, ಈ ಆಸಿಡ್ ಕಥೆ ವಾರಕ್ಕೊಂದು ಮನೇಲಿ ಕೇಳ್ತೀನಿ. ಕಡಪಾ ಕಲ್ಲು ಅಂದ್ರೆ ಸುಣ್ಣದ ಕಲ್ಲಿನ ಜಾತಿ, ಕಪ್ಪಗಿದೆ ಅಂತ ಗ್ರಾನೈಟ್ ಅಂದ್ಕೊಳ್ತಾರೆ ಜನ. ಆಸಿಡ್ ಬಿದ್ರೆ ನೊರೆ ಬಂದು ಮೇಲಿನ ಪಾಲಿಶ್ ತಿಂದಾಕ್ಬಿಡುತ್ತೆ. ನಿಮ್ದು ಕಲೆ ಅಲ್ಲ, ಕಲ್ಲೇ ಒರಟಾಗಿರೋದು, ಅದಕ್ಕೇ ಎಷ್ಟು ತೊಳುದ್ರೂ ಹೋಗಲ್ಲ. ಹಾರ್ಡ್‌ವೇರ್ ಅಂಗ್ಡೀಲಿ ನೀರಲ್ಲಿ ಉಜ್ಜೋ ಉಪ್ಪುಕಾಗ್ದ ಕೇಳಿ, ವಾಟರ್ ಪೇಪರ್ ಅಂತಾರೆ, 400 ನಂಬರ್ ಒಂದು 800 ನಂಬರ್ ಒಂದು. ಕಲ್ಲು ಒದ್ದೆ ಮಾಡ್ಕೊಂಡು ಮೊದ್ಲು 400ರಲ್ಲಿ ಆಮೇಲೆ 800ರಲ್ಲಿ ಸುತ್ತಿ ಸುತ್ತಿ ಉಜ್ಜಿ, ಕೈ ಹಾಕಿದ್ರೆ ಪಕ್ಕದ ಕಲ್ಲಿನಂಗೇ ನುಣುಪು ಸಿಗ್ಬೇಕು. ಒಣಗಿದ್ಮೇಲೆ ಎರಡು ಹನಿ ಕೊಬ್ಬರಿಎಣ್ಣೆ ಬಟ್ಟೇಲಿ ತಿಕ್ಕಿ. ಹೊಸದರಂಗೆ ಆಗಲ್ಲ, ಸುಳ್ಳು ಹೇಳಲ್ಲ, ಆದ್ರೆ ಗೊತ್ತಿಲ್ದೋರಿಗೆ ಕಾಣಲ್ಲ. ಎಣ್ಣೆ ತಿಂಗ್ಳಿಗೊಂದ್ಸಲ ಹಚ್ತಾ ಇರ್ಬೇಕು.

ನಲ್ಲಿಗೆ ಆಸಿಡ್ ಬೇಡ, ದಿನ್ಸಿ ಅಂಗ್ಡೀಲಿ ನಿಂಬೆಉಪ್ಪು ಕೇಳಿ, ಸಿಟ್ರಿಕ್ ಆಸಿಡ್ ಅಂದ್ರೆ ಅದೇ. ಒಂದು ಲೀಟರ್ ಬಿಸಿನೀರಿಗೆ ಎರಡು ಚಮಚ. ನಲ್ಲಿ ಬಾಯಲ್ಲಿ ತಿರುಗ್ಸಿ ಬಿಚ್ಚೋ ಜಾಲರಿ ಇರುತ್ತಲ್ಲ, ಅದನ್ನ ಅರ್ಧ ಗಂಟೆ ನೆನ್ಸಿ ಹಳೇ ಬ್ರಷ್ಷಲ್ಲಿ ಉಜ್ಜಿ, ನೀರು ಸಣ್ಣಗೆ ಬರ್ತಿದ್ರೆ ಮುಕ್ಕಾಲು ಪಾಲು ಅಲ್ಲೇ ಸರಿಹೋಗುತ್ತೆ, ಪ್ಲಂಬರ್ ಬೇಕಾಗಲ್ಲ (ನನ್ ಹೊಟ್ಟೆ ಮೇಲೆ ನಾನೇ ಹೊಡ್ಕೊಂಡಂಗೆ). ನಿಂಬೆಉಪ್ಪೂ ಹುಳೀನೇ, ಕಡಪಾ ಮೇಲೆ ಚೆಲ್ಬೇಡಿ, ಬಕೆಟ್ಟಲ್ಲಿಟ್ಕೊಂಡು ಮಾಡಿ. ಕಾಯಿಲ್ಲು ಪ್ಲಗ್ ತೆಗ್ದು ಪೂರ್ತಿ ಆರಿದ್ಮೇಲೆ ಲೋಹದ ಭಾಗ ಮಾತ್ರ ಅದೇ ನೀರಲ್ಲಿ ಇಳಿಬಿಡಿ, ಮೇಲಿನ ಪ್ಲಾಸ್ಟಿಕ್ ಹಿಡಿ ಮುಳುಗ್ಬಾರ್ದು. ನೀರು ಕಾದಾಗ್ಲೇ ಸುಣ್ಣ ಬಿಟ್ಕೊಳ್ಳೋದು, ಅದು ಕಾಯಿಲ್ಲಿಗೇ ಕಚ್ಕೊಳ್ಳುತ್ತೆ, ಆ ಪೊರೆ ದಪ್ಪ ಆದಂಗೆ ಕರೆಂಟ್ ಜಾಸ್ತಿ ತಿನ್ನುತ್ತೆ, ಶಾಖ ನೀರಿಗೆ ಇಳೀದೆ ಕಾಯಿಲ್ಲಲ್ಲೇ ಕೂತು ಒಂದಿನ ಅದೇ ಸುಟ್ಟೋಗುತ್ತೆ.

ಮತ್ತೆ ಬಾತ್‌ರೂಮ್ ಆಸಿಡ್ಡನ್ನ ಬ್ಲೀಚಿಂಗ್ ಪೌಡರ್ ಜೊತೆ ಯಾವತ್ತೂ ಸೇರಿಸ್ಬೇಡಿ, ಕ್ಲೋರಿನ್ ಗ್ಯಾಸ್ ಬರುತ್ತೆ, ಬಾಗ್ಲು ಹಾಕ್ಕೊಂಡು ತೊಳ್ಯೋರಿಗೆ ಉಸ್ರೇ ಕಟ್ಟುತ್ತೆ.

ಗುಜರಿಗೆ_ಹಾಕಿ:

ಇಷ್ಟೆಲ್ಲಾ ಯಾಕೆ. 37 ಬಾಟ್ಲು, ಬಕೆಟ್ಟು, ಚೀಲ ಎಲ್ಲಾ ಗುಜರಿಗೆ ಹಾಕಿ, ಮನೆ ಖಾಲಿ, ಮನಸ್ಸೂ ಖಾಲಿ. ಅತ್ತೆ ಮಧ್ಯಾಹ್ನ ಮಲಗಿದಾಗ ಮಾಡ್ಬಿಡಿ.

ತಿಪಟೂರು_ತೆಂಗಿನತೋಟ:

ಮೇಲಿನವ್ರು ಯಾರೋ ಮದ್ವೆ ಆಗಿಲ್ದೋರು ಅನ್ಸುತ್ತೆ 😀 ತಂಗಿ, ಆ ಕೆಲ್ಸ ಮಾತ್ರ ಮಾಡ್ಬೇಡ. ಬಾಟ್ಲು ಹೋಗುತ್ತೆ ಮಾತು ಉಳಿಯುತ್ತೆ, ನಾನು ಒಂದ್ಸಲ ಒಡ್ದಿರೋ ಒರಳುಕಲ್ಲು ಆಚೆ ಹಾಕಿ ಹದಿನಾರು ವರ್ಷ ಆಯ್ತು, ಈಗ್ಲೂ ಹಬ್ಬಕ್ಕೊಂದ್ಸಲ ನೆನಪು ಮಾಡ್ತಾರೆ.

ನಮ್ ಕಡೆ ಅಟ್ಟ ಅಂದ್ರೆ ಕೊಬ್ಬರಿ ಆಗಕ್ಕೆ ಕಾಯಿ ಹಾಕೋ ಜಾಗ. ಹನ್ನೊಂದು ಹನ್ನೆರಡು ತಿಂಗ್ಳು ಮೇಲೇ ಇದ್ದು, ಒಳಗಡೆ ನೀರು ಬತ್ತಿ, ಅಲ್ಲಾಡ್ಸಿದ್ರೆ ಗುಂಡು ಲೊಟಲೊಟ ಅಂದ್ಮೇಲೆ ಇಳ್ಸೋದು. ನಮ್ಮಜ್ಜಿ ಬೇರೆ ಸಾಮಾನಿಗೂ ಅದೇ ಲೆಕ್ಕ ಹಾಕೋರು, ಅಟ್ಟಕ್ಕೆ ಹತ್ತಿದ್ದು ವರ್ಷದೊಳಗೆ ಒಂದ್ಸಲ ಇಳೀಲೇಬೇಕು, ಇಳೀಲಿಲ್ಲ ಅಂದ್ರೆ ಅದು ನಮ್ದಲ್ಲ. ನಾನು ಸೀಮೆಸುಣ್ಣದಲ್ಲಿ ಡಬ್ಬದ ಮೇಲೆ ಹತ್ತಿದ ತಿಂಗ್ಳು ಬರೀತೀನಿ. ನಿಮ್ಮತ್ತೆ ಜೊತೆ ಕೂತು ಹಿಂಗೆ ಮಾಡ್ನೋಡು, ಜಗ್ಳ ಬರಲ್ಲ, ಯಾಕಂದ್ರೆ ತೀರ್ಮಾನ ಮಾಡೋದು ನೀನಲ್ಲ, ಡಬ್ಬದ ಮೇಲಿನ ತಿಂಗ್ಳು.

ಮುಚ್ಚಳ ಇರೋ 22 ಬಾಟ್ಲು ಚಿನ್ನ ಕಣಮ್ಮ. ತೊಗರಿಬೇಳೆ ಎರಡು ದಿನ ಬಿಸ್ಲಿಗೆ ಹಾಕಿ, ಆರ್ಸಿ, ಕೆಜಿಗೆ ಒಂದು ಚಮಚ ಹರಳೆಣ್ಣೆ ಕೈಗೆ ಸವ್ರಿಕೊಂಡು ಬೇಳೆಗೆಲ್ಲಾ ತಾಗೋ ಹಂಗೆ ತಿಕ್ಕಿ ತುಂಬಿಟ್ರೆ ಹುಳ ಹತ್ತಿರಾನೂ ಬರಲ್ಲ, ಬೇಯಕ್ಕೆ ಹಾಕೋವಾಗ ಬಿಸಿನೀರಲ್ಲಿ ತೊಳ್ದ್ರೆ ಎಣ್ಣೆ ಹೋಗುತ್ತೆ. ಅವರೆಕಾಳು ಹುರುಳಿಕಾಳಿಗೂ ಬಿಸ್ಲು ಮುಖ್ಯ, ಚೆನ್ನಾಗಿ ಒಣಗಿರ್ಬೇಕು, ಕಚ್ಚಿದ್ರೆ ಟಕ್ ಅನ್ಬೇಕು, ಬಿಸಿ ಇದ್ದಂಗೇ ಮುಚ್ಚಿದ್ರೆ ಬಾಟ್ಲಲ್ಲಿ ಬೆವರು ಬಂದು ಬೂಷ್ಟು ಹಿಡಿಯುತ್ತೆ. ರಾಗಿಗೆ ಬಾಟ್ಲು ವೇಸ್ಟು, ರಾಗಿಕಾಳು ಚೀಲದಲ್ಲೇ ವರ್ಷಗಟ್ಲೆ ಇರುತ್ತೆ ಹುಳ ಬೀಳಲ್ಲ, ಹಿಟ್ಟು ಮಾತ್ರ ಬೇಗ ಕೆಡುತ್ತೆ, ತಿಂಗ್ಳಿಗಾಗೋಷ್ಟು ಬೀಸ್ಸು.

ಹಳೇ ಕಾಟನ್ ಸೀರೆ ಗಂಟು ಬಿಚ್ಚು. ಬೊಂತೆ ಹೊಲ್ಯೋರು ಸಿಕ್ಕಿದ್ರೆ ಐದಾರು ಸೀರೇಲಿ ಒಂದು ಬೊಂತೆ, ಉತ್ತರದ ಕಡೆಯೋರು ಕೌದಿ ಅಂತಾರಲ್ಲ ಅದೇ. ಇಲ್ಲಾಂದ್ರೆ ಮೂರು ಪಟ್ಟಿ ಹರ್ದು ಜಡೆ ಹೆಣ್ದು ಸುತ್ತಿ ಹೊಲ್ದ್ರೆ ಕಾಲೊರ್ಸು. ಸಿಲ್ಕ್, ಪಾಲಿಸ್ಟರ್ ಕಾಲೊರ್ಸಿಗೆ ಬರಲ್ಲ, ಜಾರುತ್ತೆ, ಪಾಲಿಸ್ಟರ್ ನೀರೂ ಹೀರಲ್ಲ.

ಒಂದು ಮಾತ್ರ ಖಂಡಿತ. ಪೇಂಟ್ ಬಕೆಟ್ಟಲ್ಲಿ ಕುಡ್ಯೋ ನೀರು ದಿನ್ಸಿ ಏನೂ ಇಡ್ಬೇಡ, ತಳಕ್ಕೆ ತೂತು ಹಾಕಿ ಗಿಡ ಹಾಕು. ತೋಟಕ್ಕೆ ಔಷಧಿ ಹೊಡ್ದ ಕ್ಯಾನು ಯಾವ್ದಾದ್ರೂ ಆ ಸಜ್ಜದಲ್ಲಿದ್ರೆ ಎಷ್ಟು ತೊಳುದ್ರೂ ಮನೆ ಒಳಗೆ ಬೇಡ.

ಚಿಂತಾಮಣಿ_ಮನೆ:

ಆರ್‌ಓ ಇದ್ರೆ ಅದ್ರಿಂದ ಹೊರಗೆ ಹೋಗೋ ನೀರು ಬಕೆಟ್ಟಲ್ಲಿ ಹಿಡ್ಕೊಳಿ, ನಮ್ಮನೇಲಿ ಒಂದು ಕೊಡ ಕುಡ್ಯೋ ನೀರಿಗೆ ಮೂರು ಕೊಡ ಮೋರಿಗೆ ಹೋಗ್ತಿತ್ತು. ಗಿಡಕ್ಕೆ ಹಾಕ್ತೀವಿ.

ನಲ್ಲಿ_ರಿಪೇರಿ_ತುಮಕೂರು:

ಗಿಡಕ್ಕೆ ದಿನಾ ಬೇಡ ಸಾರ್, ಉಪ್ಪಿನಂಶ ಎಲ್ಲಾ ಅದ್ರಲ್ಲೇ ಗಟ್ಟಿಯಾಗಿ ಬರೋದು. ನಮ್ ಕುಂಡದ ಕರಿಬೇವಿಗೆ ಮೂರು ತಿಂಗ್ಳು ಹಾಕ್ದೆ, ಎಲೆ ಅಂಚೆಲ್ಲಾ ಸುಟ್ಟಂಗೆ ಕಂದು ಬಂತು. ಪಾಯಿಖಾನೆಗೆ, ಅಂಗ್ಳ ತೊಳ್ಯಕ್ಕೆ, ಪಾತ್ರೆಯ ಮೊದಲ್ನೇ ನೀರಿಗೆ ಸರಿ. ನೆಲ ಒರ್ಸಿದ್ರೆ ಬಿಳಿ ಗೆರೆ ಉಳಿಯುತ್ತೆ.

ಇನ್ನೊಂದು ಮೇಡಂ, ನಲ್ಲಿ ತೊಟ್ಟಿಕ್ತಾ ಇದ್ರೆ ಇವತ್ತು ರಾತ್ರಿ ಕೆಳಗಡೆ ಒಂದು ಬಕೆಟ್ ಇಟ್ಟು ಬೆಳಗ್ಗೆ ನೋಡಿ. ತಿರುಗ್ಸೋ ನಲ್ಲಿ ಆದ್ರೆ ಐದತ್ತು ರೂಪಾಯಿ ವಾಷರ್ ಸಾಕು, ಮೇಲೆ ಟ್ಯಾಂಕಿನ ವಾಲ್ವ್ ಮುಚ್ಚಿ ಆಮೇಲೆ ಬಿಚ್ಚಿ. ಮುಚ್ದೆ ಬಿಚ್ಚಿ ಫೋನ್ ಮಾಡೋರು ಬಹಳ ಜನ.

ಕೋಲಾರದ_ಸೊಸೆ:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಹತ್ತು ದಿನ ಆದ್ಮೇಲೆ ಬರೀತಿದೀನಿ.

ಕಡಪಾ ಕಲ್ಲು ಉಜ್ಜಿದ್ದು ಎರಡು ಮಧ್ಯಾಹ್ನ. ಮೊದ್ಲು ಇನ್ನೂ ಬೆಳ್ಳಗಾಗಿ ಅಳು ಬಂತು, ಬೂದಿ ಬಣ್ಣದ ರಾಡಿ ಬರುತ್ತೆ, ಅದನ್ನ ತೊಳ್ದು ತೊಳ್ದು 800ರಲ್ಲಿ ಮತ್ತೆ ಉಜ್ಜಿ ಎಣ್ಣೆ ತಿಕ್ಕಿದ್ಮೇಲೆ ಕಪ್ಪು ವಾಪಸ್ ಬಂತು. ಬೆಳಕು ಓರೆಯಾಗಿ ಬಿದ್ರೆ ಮಾತ್ರ ಗೊತ್ತಾಗುತ್ತೆ. ಮೊನ್ನೆ ಓನರ್ ಆಂಟಿ ಬಂದು ಅಲ್ಲೇ ನಿಂತು ಕಾಫಿ ಕುಡುದ್ರು, ಏನೂ ಅನ್ಲಿಲ್ಲ. ನಲ್ಲಿ ಜಾಲರಿ ಬಿಚ್ಚಿದ್ರೆ ಒಳಗೆ ಸಕ್ರೆ ಹರಳಿನಂಗೆ ಸುಣ್ಣ, ಒಂದ್ ಚಮಚದಷ್ಟು ಉದುರ್ತು. ಹೊಳಪು ಹೋಗಿದ್ದು ಹೋಯ್ತು, ನೀರಾದ್ರೂ ಸರಿ ಬರ್ತಿದೆ. ಕ್ರೇಟು ನಾಕು ತಂದ್ವಿ, ಚಂದ್ರಿಕೆಗೆ ನಮ್ಮ ಚಿಕ್ಕಪ್ಪನ ಮನೇಲಿ ಹೇಳಿದೀನಿ, ವೈರ್ ಕಟ್ಟಿ ಆಮೇಲೆ ಕೊಯ್ರಿ ಅಂತಾನೂ ಹೇಳಿದೀನಿ.

ಅತ್ತೆ ವಿಷ್ಯ. ತಿಪಟೂರಕ್ಕ ಹೇಳ್ದಂಗೆ ಸೀಮೆಸುಣ್ಣ ಕೈಗೆ ಕೊಟ್ಟೆ, ಬರ್ಯೋ ಕೆಲ್ಸ ನಿಮ್ದೇ ಅಂದೆ, ಖುಷಿಯಾಗಿ ಬರುದ್ರು. ಮುಚ್ಚಳ ಇಲ್ದಿರೋ 15 ಬಾಟ್ಲು ಅವ್ರೇ ಚೀಲಕ್ಕೆ ತುಂಬಿ ಗುಜರಿಯವ್ನಿಗೆ ಇಡು ಅಂದ್ರು, ನಂಗೇ ನಂಬಕ್ಕಾಗ್ಲಿಲ್ಲ. ಬೆಳಗ್ಗೆ ಎದ್ದು ನೋಡಿದ್ರೆ ಚೀಲದಲ್ಲಿ 11 ಇದೆ, ನಾಕು ತೊಳ್ಸ್ಕೊಂಡು ಕಿಟಕೀಲಿ ಸಾಲಾಗಿ ಕೂತಿವೆ, ಒಂದೊಂದ್ರಲ್ಲೂ ಒಂದೊಂದು ಮನಿಪ್ಲಾಂಟ್ ಕಡ್ಡಿ. ಮೇಲೆ ಸೀಮೆಸುಣ್ಣದಲ್ಲಿ ತಿಂಗ್ಳೂ ಬರ್ದಿದಾರೆ.

ಈಗ ಕಿವಿ ಕಿತ್ತೋಗಿರೋ ಬಾಂಡ್ಲಿ ಮೂರಿವೆ, ಅದಕ್ಕೆ ಕಿವಿ ಹಾಕೋರು ಕೋಲಾರದಲ್ಲಿ ಎಲ್ಲಿ ಸಿಗ್ತಾರೆ ಗೊತ್ತಾ ಯಾರಿಗಾದ್ರೂ?