ಸರೌಂಡ್ ಸೌಂಡ್, ಇನ್, ಔಟ್, ಎಆರ್‌ಸಿ: ಕನ್ನಡ ಪದ ಬೇಕು, ತುರ್ತು

ಚಿತ್ರದುರ್ಗದಿಂದ:

ನಮ್ಮದು ಟಿವಿ, ಆಂಪ್ಲಿಫೈಯರ್, ಸ್ಪೀಕರ್ ಮಾರುವ ಅಂಗಡಿ. ಮನೆ ಕಂಪ್ಯೂಟರನ್ನು ಟಿವಿಗೂ ಆರು ಸ್ಪೀಕರಿನ 5.1 ಸೆಟ್ಟಿಗೂ ಜೋಡಿಸುವುದು ಹೇಗೆ ಅಂತ ಒಂದು ಪುಟದ ಹಾಳೆ ಅಚ್ಚು ಹಾಕಿಸುತ್ತಿದ್ದೇನೆ, ನಾಳೆ ಬೆಳಿಗ್ಗೆ ಪ್ರೆಸ್ಸಿಗೆ ಮ್ಯಾಟರ್ ಕೊಡಬೇಕು. ಗಿರಾಕಿಗಳು ಎಡವುವುದು ಒಂದೇ ಕಡೆ. ಕಂಪ್ಯೂಟರಿನ ಎಚ್‌ಡಿಎಂಐ (ಚಿತ್ರ, ಸದ್ದು ಎರಡನ್ನೂ ಒಯ್ಯುವ) ವೈರನ್ನು ನೇರ ಟಿವಿಗೆ ಚುಚ್ಚುತ್ತಾರೆ, ಟಿವಿಯ ಎಆರ್‌ಸಿ (ಆಡಿಯೊ ರಿಟರ್ನ್ ಚಾನೆಲ್, ಟಿವಿಯ ಸದ್ದನ್ನು ಹಿಂದಕ್ಕೆ ಕಳಿಸುವ) ಕಿಂಡಿಯಿಂದ ಸದ್ದನ್ನು ಆಂಪ್ಲಿಫೈಯರಿಗೆ ಕಳಿಸುತ್ತಾರೆ, ಆಮೇಲೆ ಹಿಂದಿನ ಸ್ಪೀಕರ್ ಸುಮ್ನೆ ಕೂತಿದೆ ಅಂತ ಫೋನ್ ಮಾಡುತ್ತಾರೆ. ಎಷ್ಟೋ ಟಿವಿಗಳು ತಮಗೆ ಎರಡೇ ಚಾನೆಲ್ (ಬೇರೆ ಬೇರೆ ಸ್ಪೀಕರಿಗೆ ಹೋಗುವ ಸದ್ದಿನ ಎಳೆ) ಸಾಕು ಅಂತ ಕಂಪ್ಯೂಟರಿಗೆ ತಿಳಿಸುತ್ತವೆ. ಕಂಪ್ಯೂಟರ್ ಅಷ್ಟನ್ನೇ ಕಳಿಸುತ್ತದೆ. ವೈರನ್ನು ಮೊದಲು ಆಂಪ್ಲಿಫೈಯರಿನ ಇನ್‌ಗೆ ಕೊಟ್ಟು, ಅದರ ಔಟ್‌ನಿಂದ ಟಿವಿಗೆ ಹೋಗಿ, ವಿಂಡೋಸ್‌ನ ಸೌಂಡ್ ಸೆಟ್ಟಿಂಗ್‌ನಲ್ಲಿ 5.1 ಆರಿಸಿದರೆ ಆರೂ ಪೆಟ್ಟಿಗೆಗಳಿಂದ ಸದ್ದು ಬರುತ್ತದೆ. ಇದನ್ನು ಅಜ್ಜಿಗೂ ತಿಳಿಯುವ ಹಾಗೆ ಬರೆಯಬೇಕು. ಸರೌಂಡ್ ಸೌಂಡ್‌ಗೆ ‘ಸುತ್ತುಧ್ವನಿ’ ಹಾಕಲಾ? ಎಆರ್‌ಸಿಗೆ ಏನು?

ದಾವಣಗೆರೆಯಿಂದ:

‘ಸುತ್ತುಧ್ವನಿ’ ಹಾಕಬೇಡಿ. ಅರಿಸಮಾಸ, ಅಂದರೆ ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದದ್ದು. ಸುತ್ತು ನಮ್ಮದು, ಧ್ವನಿ ಸಂಸ್ಕೃತ. ವ್ಯಾಕರಣಕಾರ ಕೇಶಿರಾಜ 13ನೇ ಶತಮಾನದಲ್ಲೇ ಇದನ್ನು ಬೇಡ ಅಂದಾಯಿತು. ತದ್ಭವ ‘ದನಿ’ ಕೈಯಲ್ಲೇ ಇದೆ. ಹಾಗಂತ ‘ಸುತ್ತುದನಿ’ಯನ್ನೂ ಒಪ್ಪಲಾರೆ. ಸುಡುಬಿಸಿಲು ಅಂದರೆ ಸುಡುವ ಬಿಸಿಲು, ಆ ಲೆಕ್ಕದಲ್ಲಿ ಇದು ಸುತ್ತುವ ದನಿ ಆಗುತ್ತದೆ. 5.1ರಲ್ಲಿ ದನಿ ಎಲ್ಲಿ ಸುತ್ತುತ್ತದೆ? ಐದು ಕಡೆ ಇಟ್ಟ ಐದು ಸ್ಪೀಕರಿಗೆ ಐದು ಬೇರೆ ಚಾನೆಲ್, ಆರನೆಯದು ಮಂದ್ರಕ್ಕೆ, ತಗ್ಗಿನ ಸದ್ದಿಗೆ, ಮಾತ್ರ. ‘ಸುತ್ತಣ ದನಿ’ ಅನ್ನಿ. ಆ ಆರನೆಯ ಸ್ಪೀಕರ್ ಸಬ್‌ವೂಫರ್‌ಗೆ ‘ಮಂದ್ರದ ಪೆಟ್ಟಿಗೆ’. ‘ಮಂದ್ರಪೆಟ್ಟಿಗೆ’ ಅಂತ ಕೂಡಿಸಿದರೆ ಮತ್ತೆ ಅರಿಸಮಾಸ, ‘ದ’ ಬಿಡಬೇಡಿ. ಎಆರ್‌ಸಿಗೆ ‘ಮರಳುದಾರಿ’.

ಚಳ್ಳಕೆರೆಯಿಂದ:

ಏಳು ಸುತ್ತಿನ ಕೋಟೆಯ ಊರಿನವರಿಗೆ ಸುತ್ತು ಅಂದರೆ ತಿರುಗುವುದು ಅಂತ ಹೇಳುತ್ತಿದ್ದೀರಲ್ಲ. ಅಲ್ಲಿ ಸುತ್ತು ನಾಮಪದ, ಬಳಸಿ ನಿಂತ ಗೋಡೆ. ಸುತ್ತುದನಿಯನ್ನು ಹಾಗೇ ಬಿಡಿಸಿದರೆ ನಿಮ್ಮ ಆಕ್ಷೇಪ ಬಿತ್ತು. ‘ಮರಳುದಾರಿ’ ಮಾತ್ರ ದಯವಿಟ್ಟು ಬೇಡ, ವೇದಾವತಿ ದಂಡೆಯವರು ಅದನ್ನು ಮರಳು ತುಂಬಿದ ದಾರಿ ಅಂತಲೇ ಓದುತ್ತಾರೆ. ‘ವಾಪಸ್ ದಾರಿ’ ಎಲ್ಲರಿಗೂ ತಿಳಿಯುತ್ತದೆ.

ದಾವಣಗೆರೆಯಿಂದ:

ವಾಪಸ್ ಪಾರಸಿ.

ಚಳ್ಳಕೆರೆಯಿಂದ:

ದವಾಖಾನೆ? ಅಲಮಾರು, ಚಾವಿ ಪೋರ್ಚುಗೀಸ್. ಅವನ್ನೂ ಮನೆಯಿಂದ ಆಚೆ ಹಾಕುತ್ತೀರಾ?

ದಾವಣಗೆರೆಯಿಂದ:

ಅವು ಜನರ ಬಾಯಲ್ಲಿ ಉರುಳಿ ಕನ್ನಡಕ್ಕೆ ಮಣಿದಿವೆ. ವೈರು, ಬಸ್ಸು ಕೂಡ ಉಕಾರ ತೊಟ್ಟು ಒಳಗೆ ಬಂದವು, ಅವಕ್ಕೆ ನನ್ನ ತಕರಾರಿಲ್ಲ. ‘ಸರೌಂಡ್ ಸೌಂಡ್’ ಹಾಗೆ ಮಣಿದಿಲ್ಲ, ಅಂಗಡಿಯವರ ಬಾಯಲ್ಲಿ ಮಾತ್ರ ಇದೆ. ಹೊಸ ಯಂತ್ರ ಬಂದಾಗಲೆಲ್ಲ ಅದರ ಹೆಸರಿನ ಜೊತೆ ಅದನ್ನು ವಿವರಿಸುವ ಮಾತನ್ನೂ ಸಾಲ ತಂದರೆ, ನಾಳೆ ಮಕ್ಕಳಿಗೆ ‘ಇದನ್ನು ಅದಕ್ಕೆ ಜೋಡಿಸು’ ಅನ್ನುವುದಕ್ಕೂ ಕನ್ನಡ ಸಾಲುವುದಿಲ್ಲ ಅನ್ನಿಸಿಬಿಡುತ್ತದೆ. ನನ್ನ ಸಂಕಟ ಅದು.

ಚಿತ್ರದುರ್ಗದಿಂದ:

ಆ ಸಂಕಟ ನನಗೂ ಇದೆ, ಇಲ್ಲದಿದ್ದರೆ ಹಾಳೆ ಕನ್ನಡದಲ್ಲಿ ಮಾಡಿಸುತ್ತಿರಲಿಲ್ಲ. ಆದರೆ ಆಂಪ್ಲಿಫೈಯರ್, ಟಿವಿಗಳ ಹಿಂದೆ ಇನ್, ಔಟ್, ಎಆರ್‌ಸಿ ಅಂತಲೇ ಅಚ್ಚಾಗಿದೆ. 2009ರ ಎಚ್‌ಡಿಎಂಐ 1.4ರಲ್ಲಿ ಎಆರ್‌ಸಿ ಬಂದಾಗಿನಿಂದ ಕಿಂಡಿಯ ಮೇಲಿನ ಹೆಸರು ಅದೇ. ಆ ಅಕ್ಷರ ಬಚ್ಚಿಟ್ಟರೆ ಗಿರಾಕಿ ಕತ್ತಲಲ್ಲಿ ಟಿವಿ ಹಿಂದೆ ಕೈಯಾಡಿಸುತ್ತಾನೆ. ಕಿಂಡಿಯ ಹೆಸರು ಇದ್ದಂತೆ ಇರಲಿ, ಸದ್ದು ಯಾವ ಕಡೆಗೆ ಹರಿಯುತ್ತದೆ ಅನ್ನುವುದು ಕನ್ನಡದಲ್ಲಿರಲಿ. ಪ್ರೆಸ್ಸಿಗೆ ಹೀಗೆ ಕಳಿಸಿದ್ದೇನೆ:

“ಕಂಪ್ಯೂಟರಿನ ವೈರನ್ನು ಆಂಪ್ಲಿಫೈಯರಿನ ‘ಇನ್’ ಕಿಂಡಿಗೆ ಹಾಕಿ. ಇದು ಚಿತ್ರ, ಸದ್ದು ಒಳಗೆ ಬರುವ ಬಾಯಿ. ‘ಔಟ್’ ಹೊರಗೆ ಹೋಗುವ ಬಾಯಿ, ಅಲ್ಲಿಂದ ಟಿವಿಯ ‘ಎಆರ್‌ಸಿ’ ಕಿಂಡಿಗೆ. ಟಿವಿಯ ಸ್ವಂತ ಕಾರ್ಯಕ್ರಮಗಳ ಸದ್ದು ಇದೇ ವೈರಿನಲ್ಲಿ ಆಂಪ್ಲಿಫೈಯರಿಗೆ ವಾಪಸ್ ಬರುತ್ತದೆ.”

ತಲೆಬರಹ ‘ಸುತ್ತಣ ದನಿ’, ಅದರ ಕೆಳಗೆ ಸಣ್ಣದಾಗಿ ಸರೌಂಡ್ ಸೌಂಡ್. ಮಂದ್ರದ ಪೆಟ್ಟಿಗೆ ‘ದ’ ಸಮೇತ ಹೋಗಿದೆ.