ಸಹಾಯ ಬೇಕು: ಎಸ್‌ಎಂಸಿ6 ಚಿಪ್ ಪ್ರಯೋಗ ಕೈಗೂಡುತ್ತಿಲ್ಲ

ನಮಸ್ಕಾರ. ಹೆಪಟೈಟಿಸ್ ಬಿ ವೈರಸ್ ಕುರಿತು ಸಂಶೋಧನೆ ಮಾಡುತ್ತಿದ್ದೇನೆ. ಈ ವೈರಸ್ಸಿನ ಡಿಎನ್‌ಎ ಯಕೃತ್ತಿನ ಕೋಶಕೇಂದ್ರದಲ್ಲಿ ಮುಚ್ಚಿದ ಉಂಗುರವಾಗಿ (ಸಿಸಿಸಿ ಡಿಎನ್‌ಎ) ಬೇರೂರುತ್ತದೆ. ಈಗಿನ ಮಾತ್ರೆಗಳಿಂದ ಅದು ಅಳಿಯುವುದಿಲ್ಲ. ಆದರೆ ನಮ್ಮ ಕೋಶದ್ದೇ ಆದ ಎಸ್‌ಎಂಸಿ5/6 ಪ್ರೋಟೀನ್ ಸಂಕೀರ್ಣ ಆ ಉಂಗುರವನ್ನು ಹಿಡಿದು, ಅದರಿಂದ ಆರ್‌ಎನ್‌ಎ ಹೊರಡದಂತೆ ತಡೆಯುತ್ತದೆ. ವೈರಸ್ಸಿನ ಎಕ್ಸ್ ಪ್ರೋಟೀನ್ ಡಿಡಿಬಿ1 ಎಂಬ ಕೋಶದ ಪ್ರೋಟೀನಿನ ಮೂಲಕ ಈ ಕಾವಲನ್ನೇ ನಾಶಮಾಡಿಸುತ್ತದೆ. 2016ರಲ್ಲಿ ಬಯಲಾದ ಈ ಜಟಾಪಟಿ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಹೆಪ್‌ಜಿ2-ಎನ್‌ಟಿಸಿಪಿ ಕೋಶಗಳಿಗೆ (ಈ ವೈರಸ್ ಒಳಹೊಗುವಂತೆ ಮಾರ್ಪಡಿಸಿದ ಯಕೃತ್ತಿನ ಕೋಶಗಳು) ಎಕ್ಸ್ ಇಲ್ಲದ ವೈರಸ್ ಸೋಂಕಿಸಿ ಚಿಪ್ (ಒಂದು ಪ್ರೋಟೀನನ್ನು ಪ್ರತಿಕಾಯದಿಂದ ಹಿಡಿದು, ಅದು ಯಾವ ಡಿಎನ್‌ಎಗೆ ಅಂಟಿದೆ ಎಂದು ನೋಡುವ ವಿಧಾನ) ಮಾಡುತ್ತಿದ್ದೇನೆ. ಡಿಎನ್‌ಎ ಸುತ್ತಿಕೊಳ್ಳುವ ಪ್ರೋಟೀನಾದ ಹಿಸ್ಟೋನ್ ಎಚ್3 ಸೊಗಸಾಗಿ ಬರುತ್ತದೆ. ಆ ಸಂಕೀರ್ಣದ ಭಾಗವಾದ ಎಸ್‌ಎಂಸಿ6 ಮಾತ್ರ ಐಜಿಜಿ (ಹೋಲಿಕೆಗೆ ಬಳಸುವ, ಯಾವ ಗುರಿಯೂ ಇಲ್ಲದ ಪ್ರತಿಕಾಯ) ಮಟ್ಟದಿಂದ ಮೇಲೇಳುವುದೇ ಇಲ್ಲ, ಪ್ರೋಟೀನ್ ಗುರುತಿಸುವ ವೆಸ್ಟರ್ನ್ ಬ್ಲಾಟ್‌ನಲ್ಲಿ ಅದೇ ಪ್ರತಿಕಾಯ ಸ್ಪಷ್ಟ ಪಟ್ಟಿ ತೋರಿಸಿದರೂ. ಫಾರ್ಮಾಲ್ಡಿಹೈಡ್‌ಗೆ ಮೊದಲು ಡಿಎಸ್‌ಜಿ (ಪ್ರೋಟೀನುಗಳನ್ನು ಒಂದಕ್ಕೊಂದು ಬೆಸೆಯುವ ರಾಸಾಯನಿಕ) ಹಾಕಿ ಎರಡು ಹಂತದಲ್ಲಿ ಬಂಧಿಸಿದರೆ ಫಲ ಸಿಗುತ್ತದೆಯೇ? ಎಷ್ಟು ಹೊತ್ತು ಇಡುತ್ತೀರಿ?

ಇನ್ನೊಂದು ತೊಡಕು: ಸೋನಿಕೇಷನ್‌ನಲ್ಲಿ (ಧ್ವನಿ ಅಲೆಗಳಿಂದ ಡಿಎನ್‌ಎಯನ್ನು ಒಡೆಯುವ ಹಂತ) ಉಂಗುರವೇ ತುಂಡಾಗುವುದರಿಂದ, ಆಮೇಲೆ ಟಿ5 ಎಕ್ಸೊನ್ಯೂಕ್ಲಿಯೇಸ್ (ಮುಚ್ಚಿದ ಉಂಗುರವಲ್ಲದ ಡಿಎನ್‌ಎಯನ್ನು ಅರಗಿಸುವ ಕಿಣ್ವ) ಬಳಸಿ ಅರೆಬರೆ ವೈರಸ್ ಡಿಎನ್‌ಎಯನ್ನು ತೆಗೆಯುವಂತಿಲ್ಲ. ಸಿಸಿಸಿ ಡಿಎನ್‌ಎಯನ್ನಷ್ಟೇ ಹಿಡಿಯಲು ನೀವು ಯಾವ ಪ್ರೈಮರ್ (ಗುರಿಯ ಡಿಎನ್‌ಎಗೆ ಅಂಟುವ ಚಿಕ್ಕ ಡಿಎನ್‌ಎ ತುಣುಕು) ಜೋಡಿಯನ್ನು ನಂಬುತ್ತೀರಿ? ಯಕೃತ್ತಿನ ವೈರಸ್‌ಗಳ ಮೇಲೆ ಕೆಲಸ ಮಾಡಿದವರು, ಎಸ್‌ಎಂಸಿ6 ಚಿಪ್‌ಗೆ ಒಗ್ಗಿದ ಪ್ರತಿಕಾಯ ಗೊತ್ತಿದ್ದವರು ದಯವಿಟ್ಟು ಇಲ್ಲೇ ಉತ್ತರಿಸಿ.